ಕೆಲಸ ಮಾಡ್ತೀನಿ ಅಂದರೆ ಸಾಕಾ? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಮೊನ್ನೆ ನಮ್ಮ ಬಡಾವಣೆಯ ಪಾರ್ಕ್‌ನಲ್ಲಿ ಮೈಕ್ ಹಿಡಿದು ನೀವು ಹೇಳಿದಿರಿ: "ಸಿದ್ಧಾಂತ ಗಿದ್ಧಾಂತ ಎಲ್ಲ ಟೀವಿ ಚರ್ಚೆಗೆ. ನಂಗೆ ಗೊತ್ತಿರೋದು ಕೆಲಸ." ಜನ ಜೋರಾಗಿ ಚಪ್ಪಾಳೆ ತಟ್ಟಿದರು. ನೀರಿನವರು ಒಂದು ಸಲ, ಕೇಬಲ್‌ನವರು ಒಂದು ಸಲ ಅಗೆದು ಹೋದ ರಸ್ತೆಯಲ್ಲಿ ಓಡಾಡುವವರು ಇನ್ನೇನು ಮಾಡ್ತಾರೆ?

ಆದರೆ ಯಾರಿಗೋಸ್ಕರ ಕೆಲಸ, ಅದರ ಭಾರ ಯಾರ ತಲೆ ಮೇಲೆ? ನೀವು ಬಾಯಿಬಿಟ್ಟು ಹೇಳದಿದ್ದರೂ ಅದನ್ನು ಯಾರೋ ತೀರ್ಮಾನ ಮಾಡಿಯೇ ಇರುತ್ತಾರೆ.

ನಮ್ಮ ಬೆಂಗಳೂರಿನ ಕಸವನ್ನೇ ತಗೊಳ್ಳಿ. ಬೀದಿ ಗುಡಿಸುವುದನ್ನು ಗುತ್ತಿಗೆಗೆ ಕೊಟ್ಟಾಗ ಯಾರೂ ಸಿದ್ಧಾಂತದ ಮಾತಾಡಲಿಲ್ಲ. ಖರ್ಚು ಕಡಿಮೆ, ತಲೆನೋವು ಕಡಿಮೆ, ಪ್ರಾಕ್ಟಿಕಲ್ ಅಂದರು. ಭಾರ ಬಿದ್ದಿದ್ದು ಬೆಳಗಾಗುವ ಮೊದಲೇ ಮಸ್ಟರಿಂಗ್‌ಗೆ, ಅಂದರೆ ಹಾಜರಿ ಹಾಕಿಸಲು, ಬಂದು ನಿಲ್ಲುವ ಹೆಂಗಸರ ಮೇಲೆ. ಗುಡಿಸುವುದು ಊರಿನ ಬೀದಿ, ಸಂಬಳ ಮಾತ್ರ ಗುತ್ತಿಗೆದಾರನ ಕೈಯಿಂದ. ಪಿಎಫ್ ಎಲ್ಲಿ ಹೋಯಿತು ಅಂತ ಕೇಳಿದರೆ ಪಾಲಿಕೆಯವರು ಗುತ್ತಿಗೆದಾರನನ್ನು ತೋರಿಸೋದು, ಗುತ್ತಿಗೆದಾರ ಪಾಲಿಕೆಯವರನ್ನು ತೋರಿಸೋದು. ದಿನಾ ಇರುವ ಕೆಲಸಕ್ಕೆ ಕಾಯಂ ನೌಕರಿ ಕೊಡಿ ಅಂತ ಪೌರಕಾರ್ಮಿಕರ ಸಂಘದವರು ಕೇಳಿದಾಗ, ಅದೆಲ್ಲ ಆಗೋ ಮಾತಲ್ಲ ಅಂದವರೇ ಜಾಸ್ತಿ. 2018ರಲ್ಲಿ ಪಾಲಿಕೆ ನೇರವಾಗಿ ಸಂಬಳ ಕೊಡಲು ಶುರುಮಾಡಿತು. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಕೂತರು. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಆಗದ ಮಾತು ಆಯ್ತು ಅಲ್ವಾ?

ಹಾಗಂತ ಬರೀ ಸಿದ್ಧಾಂತದ ಹಠವೂ ಬೇಡ. ಪಶ್ಚಿಮ ಬಂಗಾಳದ ಎಡರಂಗ ಸರ್ಕಾರ ಪ್ರಾಥಮಿಕ ಶಾಲೆಯಿಂದ ಇಂಗ್ಲಿಷ್ ತೆಗೆಯಿತು, ಎಷ್ಟೋ ವರ್ಷ ಆದ ಮೇಲೆ ವಾಪಸ್ ತಂದಿತು. ನಡುವೆ ಓದಿದ ಮಕ್ಕಳ ಪಾಡೇನು?

ಮನಸ್ಸು ಬದಲಾಯಿಸುವುದು ತಪ್ಪಲ್ಲ. ಯಾಕೆ ಅಂತ ಹೇಳಬೇಕು, ಅಷ್ಟೇ. ವಿರೋಧ ಪಕ್ಷದಲ್ಲಿದ್ದಾಗ ಆಧಾರ್ ಮೇಲೆ ಹರಿಹಾಯುತ್ತಿದ್ದ ಬಿಜೆಪಿಯೇ 2016ರಲ್ಲಿ ಅದಕ್ಕೆ ಕಾಯ್ದೆ ಮಾಡಿತು. ಆಧಾರ್ ಶುರುಮಾಡಿದ ಕಾಂಗ್ರೆಸ್ಸು ಆ ಕಾಯ್ದೆಗೆ ತಕರಾರು ತೆಗೆಯಿತು. 2019ರಲ್ಲಿ ನಮ್ಮ ರಾಜ್ಯದ 17 ಶಾಸಕರು ಪಕ್ಷಕ್ಕೆ ಕೈಕೊಟ್ಟು ಅನರ್ಹರಾದರು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅವರಲ್ಲಿ ಹಲವರು ಬೇರೆ ಪಕ್ಷದ ಟಿಕೆಟ್ ಮೇಲೆ ಗೆದ್ದು ಬಂದರು. ಕೇಳಿದರೆ ಕ್ಷೇತ್ರದ ಅಭಿವೃದ್ಧಿಗಾಗಿ! ಇದನ್ನೂ ಪ್ರಾಕ್ಟಿಕಲ್ ಅನ್ನೋದಾದರೆ ನನ್ನದೇನೂ ಮಾತಿಲ್ಲ.

ನಜೀರ್ ಸಾಬ್ ರಾಜ್ಯದ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಕಾಲ ನೆನಪಿದೆಯಾ? ಊರೂರಿಗೆ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ ನೀರ್ ಸಾಬ್ ಆದವರು. ಕೆಲಸಗಾರರು ಅಂದರೆ ಅವರು. ಆದರೆ ಅಧಿಕಾರ ಹಳ್ಳಿಗೆ ಹೋಗಲೇಬೇಕು ಅನ್ನೋ ವಿಷಯದಲ್ಲಿ ಒಂದಿಂಚೂ ಜಗ್ಗಲಿಲ್ಲ. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದೇ ನಡೆಯಿತು.

ಇತ್ತ ಬೆಂಗಳೂರು ನೋಡಿ. 2015ರ ಆಗಸ್ಟ್‌ನಲ್ಲಿ ಬಿಬಿಎಂಪಿಗೆ, ಅಂದರೆ ನಮ್ಮ ಪಾಲಿಕೆಗೆ, ಮತ ಹಾಕಿದೆವು. 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ಉರುಳಿದರೂ ಚುನಾವಣೆ ಆಗಲಿಲ್ಲ. ವಾರ್ಡ್ ವಿಂಗಡಣೆ, ಮೀಸಲಾತಿ, ಕೋರ್ಟು, ಕೊನೆಗೆ ಬಿಬಿಎಂಪಿ ಒಡೆದು ಐದು ಪಾಲಿಕೆ. ಒಂದೊಂದಕ್ಕೂ ಒಂದೊಂದು ಕಾರಣ ರೆಡಿ. ಬಿಜೆಪಿ ಸರ್ಕಾರದಲ್ಲೂ ಆಗಲಿಲ್ಲ, ಕಾಂಗ್ರೆಸ್ ಬಂದ ಮೇಲೂ ವರ್ಷಗಟ್ಟಲೆ ಆಗಲಿಲ್ಲ. ಕಾರ್ಪೊರೇಟರ್ ಇಲ್ಲದಿದ್ದರೆ ಬೀದಿ ದೀಪಕ್ಕೂ ಜನ ಶಾಸಕರ ಮನೆ ಬಾಗಿಲಿಗೇ ಬರಬೇಕು. ಅದು ನಿಮಗೆ ಅನುಕೂಲ, ಸುಮ್ನೆ ಯಾಕೆ ಮುಚ್ಚಿಡೋದು?

ಮುಂದಿನ ಸಲ ಪಾರ್ಕ್‌ಗೆ ಬಂದಾಗ ಎರಡಕ್ಕೆ ಉತ್ತರ ಕೊಡಿ. ವಾರ್ಡ್ ಕೆಲಸಗಳ ಮೇಲಿನ ನಿಮ್ಮ ಹಿಡಿತವನ್ನು ಚುನಾಯಿತ ಕಾರ್ಪೊರೇಟರ್‌ಗಳಿಗೆ ಬಿಟ್ಟುಕೊಡುತ್ತೀರಾ, ಹೈಕಮಾಂಡ್ ಬೇಡ ಅಂದರೂ? ಕಸದ ಆಟೊ ಓಡಿಸುವವರನ್ನು, ಕಸ ತುಂಬುವ ಲೋಡರ್‌ಗಳನ್ನು ಕಾಯಂ ಮಾಡಬೇಕೋ ಬೇಡವೋ? ರಸ್ತೆ ಯಾವಾಗ, ಹಣ ಎಲ್ಲಿಂದ, ಯಾರ ಜೊತೆ ರಾಜಿ ಅನ್ನೋದನ್ನು ನಿಮಗೇ ಬಿಟ್ಟಿದ್ದೇವೆ. ಈ ಎರಡಕ್ಕೆ ಇಲ್ಲ ಅನ್ನೋದಾದರೂ ಪರವಾಗಿಲ್ಲ, ಮೈಕ್‌ನಲ್ಲೇ ಹೇಳಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ
ಬೆಂಗಳೂರು