ನಮ್ಮೂರ ಎಂಎಲ್‌ಎ ಬರೆದ ಕಾಗದ

ತಿಂಗಳಿಗೊಮ್ಮೆ ನನಗೊಂದು ಇಮೇಲ್ ಬರುತ್ತದೆ. ನಿಮಗೂ ಬರುತ್ತಿರಬಹುದು. ಮೇಲೆ ರಾಜ್ಯದ ಲಾಂಛನ, ಅದರ ಕೆಳಗೆ ಶಾಲೆ ಮಕ್ಕಳ ಜೊತೆ ನಗುತ್ತಾ ನಿಂತ ಫೋಟೊ, ಆಮೇಲೆ ಎಬಿ (ಅಸೆಂಬ್ಲಿ ಬಿಲ್), ಎಸ್‌ಬಿ (ಸೆನೆಟ್ ಬಿಲ್) ಅಂತ ಶುರುವಾಗುವ ಮಸೂದೆ ನಂಬರುಗಳ ಸಾಲು. ಕ್ಯಾಲಿಫೋರ್ನಿಯಾ ಅಸೆಂಬ್ಲಿಯಲ್ಲಿರುವ ನಮ್ಮ ಕ್ಷೇತ್ರದ ಸದಸ್ಯರು ಕಳಿಸುವ ವರದಿ ಅದು. ವರ್ಷಗಟ್ಟಲೆ ನಾನದನ್ನು ಪಿಜ್ಜಾ ಕೂಪನ್ ಜೊತೆಗೇ ಕಸಕ್ಕೆ ಹಾಕುತ್ತಿದ್ದೆ. ಈಗ ಓದುತ್ತೇನೆ. ಬುದ್ಧಿ ಕಲಿಸಿದ್ದು 20 ಅಡಿ ಜಾಗ.

ಇಲ್ಲಿನ ಕನ್ನಡಿಗರ ಹೋದ ವರ್ಷದ ಕಾರ್ಯಕ್ರಮಕ್ಕೆ ಬಿಸಿಬೇಳೆ ಬಾತಿನ ಪಾತ್ರೆ ಇಳಿಸಲು ಹಾಲ್ ಪಕ್ಕದ ರಸ್ತೆಯಲ್ಲಿ ಕಾರು ನಿಲ್ಲಿಸಿದ್ದೆ. ಕಾರು ನಿಲ್ಲಿಸಬೇಡಿ ಅನ್ನುವ ಕೆಂಪು ಬಣ್ಣ ರಸ್ತೆ ಅಂಚಿಗೆ ಇರಲಿಲ್ಲ. ಬೋರ್ಡೂ ಇರಲಿಲ್ಲ. ವಾಪಸ್ ಬಂದು ನೋಡಿದರೆ ವೈಪರ್ ಕೆಳಗೆ ದಂಡದ ಚೀಟಿ ಸಿಕ್ಕಿಸಿದ್ದಾರೆ. ತಪ್ಪು ನಂದೇ. ಎಬಿ 413 ಅಂತ ಒಂದು ಕಾನೂನು 2023ರಲ್ಲೇ ಪಾಸಾಗಿತ್ತು. ವಾಹನಗಳು ಬರುವ ಕಡೆಯಿಂದ ಕ್ರಾಸ್‌ವಾಕ್‌ಗೆ (ನಡೆಯುವವರು ರಸ್ತೆ ದಾಟುವ ಜಾಗಕ್ಕೆ) 20 ಅಡಿ ಒಳಗೆ ಕಾರು ನಿಲ್ಲಿಸುವಂತಿಲ್ಲ. ಬಿಳಿ ಗೆರೆ ಎಳೆಯದ ಕ್ರಾಸ್‌ವಾಕ್ ಆದರೂ ಅಷ್ಟೇ. 2024 ಇಡೀ ವರ್ಷ ಎಚ್ಚರಿಕೆ ಕೊಟ್ಟು, 2025ರ ಜನವರಿಯಿಂದ ದಂಡ ಹಾಕುತ್ತಿದ್ದಾರೆ. ಮನೆಗೆ ಬಂದು ಹಳೇ ಮೇಲ್ ಹುಡುಕಿದೆ. ಎಲ್ಲ ಅಲ್ಲೇ ಇತ್ತು, ಕಸದ ಫೋಲ್ಡರಿನಲ್ಲಿ, ಚಿತ್ರ ಸಮೇತ.

ಕಾನೂನು ಮಾತ್ರ ಸರಿಯಾಗಿದೆ ಅನ್ನಬೇಕು. ಮೂಲೆಯಲ್ಲಿ ದೊಡ್ಡ ವ್ಯಾನ್ ನಿಂತಿದ್ದರೆ ರಸ್ತೆ ದಾಟಲು ಹೊರಟ ಮಗು ಡ್ರೈವರಿಗೆ ಕಾಣುವುದೇ ಇಲ್ಲ. 20 ಅಡಿ ಅಂದರೆ ಒಂದು ಕಾರಿನುದ್ದ, ಮೇಲೆ ಎರಡು ಹೆಜ್ಜೆ. ಮುಂದಿನ ಕಾರ್ಯಕ್ರಮಕ್ಕೆ ಬರುವವರು ನೆನಪಿಟ್ಟುಕೊಳ್ಳಿ.

ನಾವು ವಾಷಿಂಗ್ಟನ್ ಸುದ್ದಿಯನ್ನು ರಾತ್ರಿ ಎರಡು ಗಂಟೆವರೆಗೂ ನೋಡುತ್ತೇವೆ. ಬೆಂಗಳೂರಿನಲ್ಲಿ ಯಾರು ಮುಖ್ಯಮಂತ್ರಿ ಆಗಬೇಕು ಅಂತ ವಾಟ್ಸಾಪ್‌ನಲ್ಲಿ ಜಗಳ ಆಡುತ್ತೇವೆ. ನಮ್ಮ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ನಮ್ಮ ಪರವಾಗಿ ಯಾರು ಕೂತಿದ್ದಾರೆ ಅಂದರೆ ತಲೆ ಕೆರೆದುಕೊಳ್ಳುತ್ತೇವೆ. ಆದರೆ ಬಾಡಿಗೆ ವರ್ಷಕ್ಕೆ ಎಷ್ಟು ಏರಬಹುದು, ಮಗ ಸ್ಕೂಲಿಗೆ ಫೋನ್ ಒಯ್ಯಬಹುದಾ, ಅಂಗಡಿಯಲ್ಲಿ ಯಾವ ಚೀಲ ಕೊಡಬೇಕು, ಇದೆಲ್ಲ ತೀರ್ಮಾನ ಆಗುವುದು ಅಲ್ಲೇ. ದಪ್ಪ ಪ್ಲಾಸ್ಟಿಕ್ ಚೀಲ 2026ರ ಜನವರಿಯಿಂದ ಬಂದ್ ಆಯಿತಲ್ಲ, ಅದು ಎಸ್‌ಬಿ 1053. ಅಮ್ಮ ಊರಿಂದ ತಂದಿದ್ದ ಬಟ್ಟೆ ಚೀಲಕ್ಕೆ ನಮ್ಮನೆಯಲ್ಲಿ ಈಗ ಭಾರೀ ಮರ್ಯಾದೆ. ಫೋನಿನದು ಎಬಿ 3216: 2026ರ ಜುಲೈ 1ರೊಳಗೆ ಪ್ರತಿ ಸ್ಕೂಲ್ ಡಿಸ್ಟ್ರಿಕ್ಟೂ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಫೋನ್ ಬಳಕೆಗೆ ಕಡಿವಾಣ ಹಾಕುವ ನಿಯಮ ಮಾಡಿಕೊಳ್ಳಬೇಕು. ಎಷ್ಟು ಬಿಗಿ ಅನ್ನುವುದು ಆಯಾ ಡಿಸ್ಟ್ರಿಕ್ಟಿಗೆ ಬಿಟ್ಟದ್ದು. ಅಪ್ಪ ಅಮ್ಮಂದಿರು ಮಾತಾಡುವುದಿದ್ದರೆ ಡಿಸ್ಟ್ರಿಕ್ಟಿನ ಬೋರ್ಡ್ ಮೀಟಿಂಗಿಗೆ ಹೋಗಬೇಕು.

ಕರ್ನಾಟಕದಲ್ಲಿ 224 ಶಾಸಕರು. 2011ರ ಜನಗಣತಿ ಲೆಕ್ಕದಲ್ಲಿ ಒಬ್ಬೊಬ್ಬರಿಗೆ ಸುಮಾರು 2.7 ಲಕ್ಷ ಜನ. ಇಲ್ಲಿ ಅಸೆಂಬ್ಲಿಗೆ ಬರೀ 80 ಮಂದಿ, ಒಬ್ಬೊಬ್ಬರಿಗೆ ಸುಮಾರು 4.9 ಲಕ್ಷ. ರಾಜ್ಯದ ಮೇಲ್ಮನೆಯ 40 ಸೆನೆಟರುಗಳಿಗಂತೂ ತಲಾ ಹತ್ತಿರ ಹತ್ತಿರ 10 ಲಕ್ಷ, ವಾಷಿಂಗ್ಟನ್ನಿನ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕೆಳಮನೆಯ ಸದಸ್ಯರಿಗಿಂತ ಜಾಸ್ತಿ! ಆದರೂ ಫೆಬ್ರವರಿಯ ಒಂದು ಶನಿವಾರ ಲೈಬ್ರರಿಯಲ್ಲಿ ನಮ್ಮ ಸದಸ್ಯರ ಕಾಫಿ ಕೂಟಕ್ಕೆ ಹೋದರೆ ಹಾರ ಇಲ್ಲ, ಹಿಂಬಾಲಕರಿಲ್ಲ, ಗನ್‌ಮ್ಯಾನ್ ಇಲ್ಲ. ತಮ್ಮ ಕಾಫಿ ತಾವೇ ಬಗ್ಗಿಸಿಕೊಂಡರು. ಬಂದವರು ಒಂದು ಮೂವತ್ತು ಜನ.

ಅಲ್ಲಿ ನನಗೆ ಸ್ವಲ್ಪ ಮುಜುಗರ ಆಯಿತು. ನಮ್ಮವರು ಕೇಳಿದ ಮೊದಲ ಪ್ರಶ್ನೆ ಎಚ್1ಬಿ ಬಗ್ಗೆ. ಎರಡನೆಯದು ಗ್ರೀನ್ ಕಾರ್ಡ್. ಮೂರನೆಯವರು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ತಡ ಆಗಿದೆ ಅಂದರು. ವೀಸಾ ನಮ್ಮ ಕೈಯಲ್ಲಿಲ್ಲ, ಅದು ಕಾಂಗ್ರೆಸ್ಸಿನದು ಅಂತ ಸದಸ್ಯರು ತಾಳ್ಮೆಯಿಂದ ಹೇಳಿದರು. ಒಸಿಐ ಭಾರತ ಸರ್ಕಾರದ್ದು ಅಂತ ನಾನೇ ಪಿಸುಗುಟ್ಟಿದೆ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು, ಬಸ್ ಸ್ಟಾಪಿನಲ್ಲಿ ಕೂರೋಕೆ ಬೆಂಚಿಲ್ಲ, ಮಂಡಿ ನೋವು ಅಂದರು. ಅವತ್ತು ಸಹಾಯಕ ಹುಡುಗಿ ಪುಸ್ತಕದಲ್ಲಿ ಬರೆದುಕೊಂಡದ್ದು ಅದೊಂದನ್ನೇ.

ಓಟಿಲ್ಲದವರಿಗೆ ಇಲ್ಲೇನು ಕೆಲಸ ಅಂತ ಕೇಳುವವರಿದ್ದಾರೆ. ಕ್ಷೇತ್ರದಲ್ಲಿ ವಾಸ ಇದ್ದರೆ ಸಾಕು, ಫೋನ್ ಮಾಡಬಹುದು. ರಾಜ್ಯದ ಒಂದು ಇಲಾಖೆಯಿಂದ ನನಗೆ ಬರಬೇಕಿದ್ದ ಹಣ ಎಂಟು ತಿಂಗಳು ಸಿಕ್ಕಿಹಾಕಿಕೊಂಡಿತ್ತು. ನಾನು ಫೋನ್ ಹಿಡಿದು ಸಂಗೀತ ಕೇಳಿದ್ದೇ ಬಂತು. ಸದಸ್ಯರ ಸ್ಥಳೀಯ ಕಚೇರಿಗೆ ಹೇಳಿದೆ, ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು, ಮೂರು ವಾರದಲ್ಲಿ ಚೆಕ್ ಬಂತು. ಓಟು ಹಾಕುತ್ತೀಯಾ ಅಂತ ಯಾರೂ ಕೇಳಲಿಲ್ಲ. ಊರಲ್ಲಾಗಿದ್ದರೆ ಯಾರ ಕಡೆಯವನು ಅಂತಾದರೂ ಕೇಳುತ್ತಿದ್ದರು, ಅಲ್ವಾ?

ಈ ಸಲದ ಮೇಲ್‌ನಲ್ಲಿ ಒಂದು ಮಸೂದೆ 'ಸಸ್ಪೆನ್ಸ್'ನಲ್ಲಿದೆ ಅಂತಿತ್ತು. ಪತ್ತೇದಾರಿ ಕಥೆ ಅಲ್ಲ ಅದು. ಸರ್ಕಾರಕ್ಕೆ ಜಾಸ್ತಿ ಖರ್ಚು ಬರುವ ಮಸೂದೆಗಳನ್ನು ಹಣಕಾಸು ನೋಡುವ ಸಮಿತಿ ಒಂದು ಕಡೆ ಗುಡ್ಡೆ ಹಾಕುತ್ತದೆ. ಆಮೇಲೆ ಮೇ ತಿಂಗಳಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ನೂರಾರು ನಂಬರುಗಳನ್ನು ಪಟಪಟ ಓದಿ, ಇದು ಮುಂದಕ್ಕೆ, ಇದು ಇಲ್ಲೇ ಅಂತ ಹೇಳಿ ಮುಗಿಸುತ್ತಾರೆ. ಯಾಕೆ ಇಲ್ಲೇ ಅಂತ ಸಾಮಾನ್ಯವಾಗಿ ವಿವರಣೆಯೂ ಇರುವುದಿಲ್ಲ. ನನಗಿದು ಹಿಡಿಸಿಲ್ಲ. ಆದರೆ ಸಮಿತಿಗಳ ವಿಚಾರಣೆಯಲ್ಲಿ ಸಾಮಾನ್ಯ ಜನ ಮೈಕ್ ಮುಂದೆ ನಿಂತು ಬೇಕು, ಬೇಡ ಹೇಳಬಹುದು. 2023ರಲ್ಲಿ ಜಾತಿ ತಾರತಮ್ಯ ನಿಷೇಧಿಸುವ ಎಸ್‌ಬಿ 403 ಬಂದಾಗ ನಮ್ಮವರು ಎರಡೂ ಕಡೆ ಸಾಲಿನಲ್ಲಿ ನಿಂತಿದ್ದರು. ಎರಡೂ ಸದನ ದಾಟಿದ ಮೇಲೆ ಗವರ್ನರ್ ನ್ಯೂಸಮ್ ಅದನ್ನು ತಡೆದರು. ಆ ಜಗಳ ನಮ್ಮ ಪಾಟ್‌ಲಕ್‌ಗಳಲ್ಲಿ (ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಕೂಟಗಳಲ್ಲಿ) ಇನ್ನೂ ಪೂರ್ತಿ ಆರಿಲ್ಲ, ಇಲ್ಲಿ ಊದುವುದು ಬೇಡ.

ಎಲ್ಲರೂ ಕೇಳುತ್ತಿರುವುದು ದೀಪಾವಳಿ ರಜೆ ಬಗ್ಗೆ. ದೀಪಾವಳಿಯನ್ನು ರಾಜ್ಯದ ರಜಾದಿನ ಮಾಡುವ ಎಬಿ 268 ತಂದದ್ದು ಸ್ಯಾನ್ ಹೋಸೆಯ ಅಸೆಂಬ್ಲಿ ಸದಸ್ಯ ಆಶ್ ಕಾಲ್ರಾ, ಅದಕ್ಕೆ 2025ರ ಅಕ್ಟೋಬರ್‌ನಲ್ಲಿ ಸಹಿ ಬಿತ್ತು. ಪೆನ್ಸಿಲ್ವೇನಿಯಾ, ಕನೆಕ್ಟಿಕಟ್ ಆದ ಮೇಲೆ ನಾವು ಮೂರನೆಯವರು. ಹಾಗಂತ ಸ್ಕೂಲುಗಳಿಗೆಲ್ಲ ತಾನಾಗಿಯೇ ಬೀಗ ಬೀಳುವುದಿಲ್ಲ. ಆಯಾ ಡಿಸ್ಟ್ರಿಕ್ಟ್ ನೌಕರರ ಜೊತೆ ಒಪ್ಪಂದ ಮಾಡಿಕೊಂಡರೆ ಮುಚ್ಚಬಹುದು. ಖಾಸಗಿ ಕಂಪನಿಗಳಿಗೆ ಯಾವ ಕಟ್ಟುಪಾಡೂ ಇಲ್ಲ. 2026ರಲ್ಲಿ ಹೇಗೂ ಹಬ್ಬ ನವೆಂಬರ್ 8, ಭಾನುವಾರ. ನಿಶ್ಚಿಂತೆಯಿಂದ ಎಣ್ಣೆ ಸ್ನಾನ ಮಾಡಿ.

ಮಜಾ ಇರುವುದು ಕಾನೂನಿನ ಮಾತಿನಲ್ಲಿ. ಹಿಂದೂ ಚಾಂದ್ರಮಾನದ ಕಾರ್ತಿಕ ಮಾಸದ 15ನೇ ದಿನ ದೀಪಾವಳಿ ಅಂತ ಬರೆದಿದ್ದಾರೆ. ಉತ್ತರ ಭಾರತದವರಿಗೆ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ಹಾಗಾಗಿ ಲೆಕ್ಕ ಸರಿ. ನಮಗೆ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ನಮ್ಮ ದೀಪಾವಳಿ ಅಮಾವಾಸ್ಯೆ ಆಶ್ವಯುಜದ ಕೊನೇ ದಿನ. ಕಾರ್ತಿಕ ಶುರುವಾಗುವುದೇ ಬಲಿಪಾಡ್ಯಮಿಯಿಂದ. ನಮ್ಮ ಕಾರ್ತಿಕದ 15ನೇ ದಿನ ಹಿಡಿದರೆ ನವೆಂಬರ್ 24ರ ಹುಣ್ಣಿಮೆ! ಅವತ್ತು ರಜೆ ಹಾಕಿದರೆ ಪಟಾಕಿ ಅಂಗಡಿಯೂ ಇರುವುದಿಲ್ಲ.

ಸುಮ್ನೆ ತಮಾಷೆಗೆ ಇದನ್ನೇ ನಮ್ಮ ಸದಸ್ಯರ ಕಚೇರಿಗೆ ಬರೆದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅನ್ನುವ ರೆಡಿಮೇಡ್ ಉತ್ತರ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಬೇರೆ: ನೀವು ಹೇಳುವ ಕ್ಯಾಲೆಂಡರಿನ ಪ್ರತಿ ಕಳಿಸಬಹುದೇ? ಅಡುಗೆಮನೆ ಮೊಳೆಗೆ ನೇತುಹಾಕಿದ್ದ ಒಂಟಿಕೊಪ್ಪಲ್ ಪಂಚಾಂಗವನ್ನು ತೆಗೆದು, ಮೇಲಿದ್ದ ಅರಿಶಿನದ ಕಲೆ ಒರೆಸಿ, ಸ್ಕ್ಯಾನ್ ಮಾಡಿ ಕಳಿಸಿದ್ದೇನೆ. ಪೂರ್ತಿ ಕನ್ನಡದಲ್ಲಿದೆ. ಯಾರು ಓದುತ್ತಾರೋ ನೋಡೋಣ.