ಡೊಮೈನ್ ಹೆಸರು ಖಾಲಿ ಇದ್ಯಾ ಅಂತ ನಮ್ಮ ಕಂಪ್ಯೂಟರ್‌ನಲ್ಲೇ ನೋಡ್ಕೋಬಹುದು

ಸಂಪಾದಕರಿಗೆ ನಮಸ್ಕಾರ,

ನಮ್ಮ ಮಂಡ್ಯ ಕಡೆ ಬೆಲ್ಲ, ಗಾಣದೆಣ್ಣೆ, ರಾಗಿ ಮಾಲ್ಟ್ ಮಾಡೋ ಹುಡುಗ್ರೆಲ್ಲ ಈಗ ಸ್ವಂತ ವೆಬ್‌ಸೈಟ್ ಮಾಡ್ಕೊಳ್ತಿದಾರೆ, ನೋಡಿದ್ರೆ ಖುಷಿ ಆಗುತ್ತೆ. ಆದ್ರೆ ಡೊಮೈನ್ ಹೆಸರು, ಅಂದ್ರೆ ವೆಬ್‌ಸೈಟಿನ ವಿಳಾಸ, ಹುಡುಕೋ ರೀತಿ ಮಾತ್ರ ಸರಿಯಿಲ್ಲ. ಗೂಗಲ್‌ನಲ್ಲಿ ಮೊದಲು ಬಂದ ಯಾವ್ದೋ ಸೈಟ್ ತೆಗೀತಾರೆ, ಮನೆಯವ್ರೆಲ್ಲ ಕೂತು ಯೋಚ್ನೆ ಮಾಡಿದ ಹೆಸರನ್ನ ಅಲ್ಲಿ ಟೈಪ್ ಮಾಡ್ತಾರೆ, ಖಾಲಿ ಇದೆ ಅಂತ ಗೊತ್ತಾದ್ಮೇಲೆ ಪ್ಯಾಕೆಟ್ ಡಿಸೈನು, ಲೈಸೆನ್ಸು ಅಂತ ಓಡಾಡ್ಕೊಂಡು ಸ್ವಲ್ಪ ದಿನ ಬಿಟ್ಟು ಬಂದ್ರೆ ಹೆಸರು ಇನ್ಯಾರದೋ ಪಾಲಾಗಿರುತ್ತೆ. ನಮ್ಮ ಪಕ್ಕದೂರಿನ ಆಲೆಮನೆಯವ್ರಿಗೆ ಹೀಗೇ ಆಯ್ತು. ಹೆಸರು ತಗೊಂಡವ್ರು ಅಲ್ಲಿ ಸೈಟೂ ಮಾಡಿಲ್ಲ, ಬರೀ ಮಾರಾಟಕ್ಕಿದೆ ಅಂತ ಹಾಕ್ಕೊಂಡು ಕೂತಿದಾರೆ.

ಸರ್ಚ್ ಮಾಡಿದ್ದಕ್ಕೇ ಹೋಯ್ತು ಅಂತ ನಾನು ಹೇಳಲ್ಲ, ಅದನ್ನ ಸಾಬೀತು ಮಾಡೋಕೂ ಆಗಲ್ಲ. ಆದ್ರೆ ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಡೊಮೈನ್ ಹೆಸರುಗಳ ವ್ಯವಸ್ಥೆ ನೋಡ್ಕೊಳ್ಳೋ ಐಕ್ಯಾನ್ ಸಂಸ್ಥೆಯ ಭದ್ರತಾ ಸಮಿತಿ 2007ರಲ್ಲೇ ಈ ಬಗ್ಗೆ ವರದಿ ಕೊಟ್ಟಿತ್ತು. 2008ರ ಜನವರಿಯಲ್ಲಿ ಅಮೆರಿಕದ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ, ತನ್ನ ಸೈಟ್‌ನಲ್ಲಿ ಜನ ಹುಡುಕಿದ ಹೆಸರುಗಳನ್ನ ತಾನೇ ನಾಲ್ಕು ದಿನ ಹಿಡಿದಿಟ್ಕೊಳ್ತಿತ್ತು, ಅಂದ್ರೆ ಹುಡುಕಿದವ್ರು ಆ ನಾಲ್ಕು ದಿನ ಬೇರೆ ಕಡೆ ಹೋಗಿ ಕಮ್ಮಿ ರೇಟಿಗೆ ತಗೊಳ್ಳೋ ಹಾಗಿರ್ಲಿಲ್ಲ. ಗ್ರಾಹಕರ ರಕ್ಷಣೆಗೇ ಹೀಗೆ ಮಾಡ್ತಿದೀವಿ ಅಂತ ಕಂಪನಿ ಹೇಳ್ತು, ಕೇಸೂ ಬಿತ್ತು. ಆಗ ರಿಜಿಸ್ಟರ್ ಮಾಡಿ ಐದು ದಿನದೊಳಗೆ ವಾಪಸ್ ಕೊಟ್ರೆ ಪೂರ್ತಿ ದುಡ್ಡು ಸಿಗ್ತಿತ್ತು, ಹಾಗಾಗಿ ಹಿಡಿದಿಟ್ಕೊಳ್ಳೋಕೆ ಖರ್ಚೇ ಇರ್ಲಿಲ್ಲ. ಆಮೇಲೆ ಐಕ್ಯಾನ್ ಶುಲ್ಕ ಹಾಕಿದ್ಮೇಲೆ ಆ ಆಟ ಬಹಳ ಕಮ್ಮಿ ಆಯ್ತು. ಆದ್ರೂ ಗುರುತು ಪರಿಚಯ ಇಲ್ಲದ ಸೈಟಿಗೆ ಹೋಗಿ ನಮ್ಮ ಮನಸ್ಸಲ್ಲಿರೋ ಹೆಸರನ್ನ ಮೊದ್ಲೇ ಹೇಳೋದು ಯಾಕೆ ಅನ್ನೋದೇ ನನ್ನ ಪ್ರಶ್ನೆ.

ಹೇಳ್ದೇನೂ ನೋಡ್ಕೋಬಹುದು. ಡಾಟ್ ಕಾಮ್, ಡಾಟ್ ಇನ್ ಥರದ ಪ್ರತಿ ಕೊನೆಭಾಗಕ್ಕೂ ಒಂದು ಮೂಲ ರಿಜಿಸ್ಟ್ರಿ, ಅಂದ್ರೆ ತಗೊಂಡಿರೋ ಹೆಸರುಗಳ ದಾಖಲೆ, ಇರುತ್ತೆ, ಡಾಟ್ ಕಾಮ್‌ದು ವೆರಿಸೈನ್ ಅನ್ನೋ ಕಂಪನಿ ಹತ್ರ ಇದೆ, ಡಾಟ್ ಇನ್ ಮತ್ತೆ ಕನ್ನಡ ಅಕ್ಷರದ ಡಾಟ್ ಭಾರತ ನಮ್ಮ ದೇಶದ್ದೇ ಆದ ನಿಕ್ಸಿ ಸಂಸ್ಥೆ ಹತ್ರ ಇವೆ. ಮಿಕ್ಕವ್ರೆಲ್ಲ ಮಾರೋರು ಅಷ್ಟೆ. ಮಾರೋರನ್ನ ಬಿಟ್ಟು ಸೀದಾ ರಿಜಿಸ್ಟ್ರಿನೇ ಕೇಳೋಕೆ 1982ರಿಂದ ಹೂಈಸ್ ಅನ್ನೋ ವ್ಯವಸ್ಥೆ ಇದೆ. ಮ್ಯಾಕ್‌ನಲ್ಲಿ ಟರ್ಮಿನಲ್, ಅಂದ್ರೆ ಆಜ್ಞೆ ಟೈಪ್ ಮಾಡೋ ಕಿಟಕಿ, ತೆಗೆದು ಹೂಈಸ್ (whois) ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು ಹೆಸರು ಹಾಕಿ ಎಂಟರ್ ಒತ್ತಿದ್ರೆ ಸಾಕು, ಡಾಟ್ ಕಾಮ್ ಹೆಸರು ಖಾಲಿ ಇದ್ರೆ ನೋ ಮ್ಯಾಚ್ ಅಂತ ಬರುತ್ತೆ, ಯಾರಾದ್ರೂ ತಗೊಂಡಿದ್ರೆ ಯಾವತ್ತು ತಗೊಂಡ್ರು, ಯಾವತ್ತು ಅವಧಿ ಮುಗಿಯುತ್ತೆ, ಯಾವ ಕಂಪನಿ ಮೂಲಕ ತಗೊಂಡ್ರು ಅಂತ ಸಾಲುಸಾಲಾಗಿ ತೋರ್ಸುತ್ತೆ. ಉಬುಂಟುನಲ್ಲಿ ಅದನ್ನ ಇನ್‌ಸ್ಟಾಲ್ ಮಾಡ್ಕೋಬೇಕಾಗಬಹುದು, ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನವರೇ ಸಿಸ್‌ಇಂಟರ್ನಲ್ಸ್ ಅನ್ನೋ ಕಡೆ ಫ್ರೀಯಾಗಿ ಕೊಟ್ಟಿದಾರೆ.

ಟರ್ಮಿನಲ್ ಅಂದ್ರೆ ಭಯ ಪಡೋರಿಗೆ ಇನ್ನೂ ಸುಲಭದ್ದಿದೆ. ಹೂಈಸ್ ಪ್ರಶ್ನೆ ಬಿಚ್ಚು ಅಕ್ಷರದಲ್ಲಿ ಹೋಗುತ್ತೆ, ಮಧ್ಯದಲ್ಲಿ ಯಾರಾದ್ರೂ ಓದಬಹುದು. ಅದ್ರ ಜಾಗಕ್ಕೆ ಬಂದಿರೋ ಆರ್‌ಡ್ಯಾಪ್ ಅನ್ನೋ ಹೊಸ ವ್ಯವಸ್ಥೆ ಬ್ಯಾಂಕ್ ಸೈಟ್ ಥರ ಎಚ್‌ಟಿಟಿಪಿಎಸ್‌ನಲ್ಲಿ, ಅಂದ್ರೆ ಗೂಢ ಅಕ್ಷರದಲ್ಲಿ, ಹೋಗೋದ್ರಿಂದ ಹೆಸರು ಮಧ್ಯದವ್ರಿಗೆ ಕಾಣಲ್ಲ. ಬ್ರೌಸರ್‌ನ ಅಡ್ರೆಸ್ ಜಾಗದಲ್ಲಿ ಆರ್‌ಡ್ಯಾಪ್ ಡಾಟ್ ವೆರಿಸೈನ್ ಡಾಟ್ ಕಾಮ್, ಸ್ಲ್ಯಾಶ್ ಕಾಮ್, ಸ್ಲ್ಯಾಶ್ ವಿ1, ಸ್ಲ್ಯಾಶ್ ಡೊಮೈನ್, ಸ್ಲ್ಯಾಶ್ (rdap.verisign.com/com/v1/domain/) ಹಾಕಿ ನಿಮ್ಮ ಡಾಟ್ ಕಾಮ್ ಹೆಸರು ಹಾಕಿದ್ರೆ, ಖಾಲಿ ಇರೋ ಹೆಸರಿಗೆ 404, ಅಂದ್ರೆ ಸಿಗಲಿಲ್ಲ ಅಂತ, ಬರುತ್ತೆ. ರಿಜಿಸ್ಟ್ರಿಗಂತೂ ನಾವು ಕೇಳಿದ್ದು ಗೊತ್ತಾಗುತ್ತೆ, ಅದನ್ನ ತಪ್ಪಿಸೋಕಾಗಲ್ಲ.

ಬರೀ ಬ್ರೌಸರ್‌ನಲ್ಲಿ ಹೆಸರು ಹಾಕಿ, ಸೈಟ್ ಓಪನ್ ಆಗ್ಲಿಲ್ಲ ಅಂದ್ರೆ ಖಾಲಿ ಇದೆ ಅಂದ್ಕೊಳ್ಳೋರೂ ಬಹಳ ಜನ ಇದಾರೆ, ದಯವಿಟ್ಟು ಅದನ್ನ ನಂಬಬೇಡಿ, ಹೆಸರು ತಗೊಂಡು ಸೈಟ್ ಹಾಕ್ದೇ ಸುಮ್ನೆ ಇಟ್ಕೊಂಡೋರು ಎಷ್ಟೋ ಜನ. ಖಾಲಿ ಇದೆ ಅಂತ ಖಚಿತ ಆದ್ರೆ ಅವತ್ತೇ ತಗೊಂಡ್ಬಿಡಿ, ಪ್ಯಾಕೆಟ್ ಡಿಸೈನು ಆಮೇಲೆ ಮಾಡಿಸ್ಕೋಬಹುದು.

ಜಿಲ್ಲೆಯಲ್ಲಿ ಸ್ವಸಹಾಯ ಸಂಘದ ಹೆಣ್ಮಕ್ಕಳಿಗೆ, ಸಣ್ಣ ಉದ್ಯಮ ಶುರು ಮಾಡೋರಿಗೆ ತರಬೇತಿ ಕೊಡುವಾಗ ಲೋಗೋ, ಇನ್‌ಸ್ಟಾಗ್ರಾಂ ಎಲ್ಲ ಹೇಳ್ಕೊಡ್ತಾರೆ, ಇದನ್ನೂ ಒಂದು ಹತ್ತು ನಿಮಿಷ ಸ್ಕ್ರೀನ್ ಮೇಲೆ ಮಾಡಿ ತೋರಿಸಬೇಕು ಅಂತ ಸಂಬಂಧಪಟ್ಟವ್ರನ್ನ ಕೇಳ್ಕೊಳ್ತೀನಿ. ನಿಮ್ಮ ಪತ್ರಿಕೆಯಲ್ಲೂ ಮಾಡೋ ವಿಧಾನವನ್ನ ಚಿತ್ರ ಸಮೇತ ಒಂದ್ಸಲ ಹಾಕಿ.

ಇಂತಿ,
ನಿಮ್ಮ ಓದುಗ, ಮಂಡ್ಯ