ಅರ್ಧ ಬೆರಳುದ್ದದ ಒಂದು ಕೊಳವೆ, ಮತ್ತೆ ಅಜ್ಜನ ದನಿ

ಮೊನ್ನೆ ಭಾನುವಾರ ಸಂಜೆ ಸಿದ್ದಾಪುರದ ನಮ್ಮ ಮನೆಯ ಜಗಲಿಯಲ್ಲಿ ಅಜ್ಜ ಅರ್ಥ ಹೇಳಿದರು. ಅವರು ತೀರಿಕೊಂಡು 38 ವರ್ಷ ಆಗಿದೆ. 1976ರ ಚೌತಿಯ ಮರುದಿನ ಇದೇ ಜಗಲಿಯಲ್ಲಿ ನಡೆದ ತಾಳಮದ್ದಲೆ ಅದು, ಕೂತಲ್ಲೇ ಪಾತ್ರಗಳ ಮಾತು, ಅಂದರೆ ಅರ್ಥ, ಹೇಳುವ ಯಕ್ಷಗಾನ. ದೊಡ್ಡಪ್ಪ ತಮ್ಮ ಸ್ಪೂಲ್ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಅದನ್ನು ಮತ್ತೆ ಕೇಳುವುದಕ್ಕೆ ನನಗೆ ಎರಡು ವರ್ಷ ನಾಲ್ಕು ತಿಂಗಳು ಹಿಡಿಯಿತು. ನನ್ನೊಬ್ಬನಿಂದ ಇದು ಆಗುತ್ತಲೇ ಇರಲಿಲ್ಲ. ಕೈಹಿಡಿದವರು ಬೇರೆ ಬೇರೆ ಊರಿನವರು, ಹೆಚ್ಚಿನವರನ್ನು ನಾನು ನೋಡಿಯೇ ಇಲ್ಲ. ಹೆಸರು ಹಾಕಬೇಡಿ ಅಂತ ಕೆಲವರು ಹೇಳಿದ್ದಾರೆ. ಅದಕ್ಕೆ ಯಾರ ಹೆಸರೂ ಇಲ್ಲದೆ ಬರೆಯುತ್ತಿದ್ದೇನೆ. ಓದಿದಾಗ ಅವರಿಗೆ ಗೊತ್ತಾಗುತ್ತದೆ.

ಮಷಿನು ಅಕಾಯ್ 4000ಡಿಎಸ್. ದೊಡ್ಡಪ್ಪ ಹಡಗಿನ ಕೆಲಸದಲ್ಲಿದ್ದಾಗ ಸಿಂಗಾಪುರದಲ್ಲಿ ಕೊಂಡದ್ದು. 7 ಇಂಚಿನ ಸ್ಪೂಲು, ಮೂರು ಹೆಡ್ಡು, ಒಂದೇ ಮೋಟಾರು. ಇದಕ್ಕೆ ಎರಡು ಸ್ಪೀಡ್: ಸೆಕೆಂಡಿಗೆ 3.75 ಇಂಚು, 7.5 ಇಂಚು. ಸ್ಪೀಡ್ ಬದಲಿಸುವುದಕ್ಕೆ ಇದರಲ್ಲಿ ಗೇರ್ ಇಲ್ಲ. ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಅನ್ನುವ ತೆಳ್ಳಗಿನ ಶಾಫ್ಟ್ ಇರುತ್ತದೆ. ಅದಕ್ಕೊಂದು ಲೋಹದ ಕೊಳವೆ ತೊಡಿಸಿ, ಮೇಲೆ ತಿರುಪು ಬಿಗಿಯಬೇಕು. ಶಾಫ್ಟಿನ ದಪ್ಪ ಎರಡರಷ್ಟಾಗುತ್ತದೆ, ಟೇಪಿನ ಸ್ಪೀಡೂ ಎರಡರಷ್ಟಾಗುತ್ತದೆ. ಅಷ್ಟೇ ಸರಳ.

ಆ ಕೊಳವೆ ಕಳೆದುಹೋಗಿತ್ತು.

ದೊಡ್ಡಪ್ಪನಿಗೆ ದನಿ ಚೆನ್ನಾಗಿ ಬರಬೇಕು ಅನ್ನುವ ಆಸೆ. ಹಾಗಾಗಿ 11 ಸ್ಪೂಲನ್ನೂ ಜಾಸ್ತಿ ಸ್ಪೀಡಿನಲ್ಲೇ ತುಂಬಿಸಿದ್ದರು. ಕೊಳವೆ ಇಲ್ಲದೆ ಹಾಕಿದರೆ ಎಲ್ಲವೂ ಅರ್ಧ ಸ್ಪೀಡಿನಲ್ಲಿ ಓಡುತ್ತದೆ. ಮೊದಲ ಸಲ ಹಾಕಿದಾಗ ಗವಿಯೊಳಗಿಂದ ಯಾರೋ ನರಳಿದ ಹಾಗೆ ಕೇಳಿಸಿತು. ಎರಡು ನಿಮಿಷಕ್ಕೆ ನಿಲ್ಲಿಸಿಬಿಟ್ಟೆ. ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಮದ್ದಲೆ, ಮಾತು, ಇಷ್ಟೇ. ದನಿಯೇ ಕೆಟ್ಟರೆ ಅಲ್ಲಿ ಉಳಿಯುವುದೇನು?

ಅರ್ಧ ಸ್ಪೀಡಿನಲ್ಲೇ ಕಂಪ್ಯೂಟರಿಗೆ ಹಾಕಿಕೊಂಡು ಆಮೇಲೆ ಡಬಲ್ ಮಾಡಬಹುದಿತ್ತಲ್ವಾ ಅಂತ ಕೇಳಿದವರಿದ್ದಾರೆ. ಮಾಡಿ ನೋಡಿದೆ. ಮಾತು ಅರ್ಥವಾಗುತ್ತದೆ, ಆದರೆ ಮದ್ದಲೆಯ ಆ ತುಂಬು ಗುಂಯ್ ಅನ್ನುವುದು ಸೋರಿಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ದೊಡ್ಡಾಯಿಗೆ, ಅಂದರೆ ದೊಡ್ಡಪ್ಪನ ಹೆಂಡತಿಗೆ, 84 ವರ್ಷ. ಅವರಿಗೆ ಬೇಕಿದ್ದದ್ದು ಫೋನಿನಲ್ಲಿ ಕೇಳುವ ಫೈಲ್ ಅಲ್ಲ. ಸ್ಪೂಲು ತಿರುಗುವುದನ್ನು ನೋಡುತ್ತಾ ಕೇಳಬೇಕು ಅಂದಿದ್ದರು.

ಮೊದಲ ಕೃತಜ್ಞತೆ ದೊಡ್ಡಾಯಿಗೇ. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ. ಪುಸ್ತಕ, ಚಪ್ಪಲಿ, ಎಲ್ಲಕ್ಕೂ ಬೂಸಲು. ಟೇಪಿಗೆ ಬೂಸಲು ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಹೋದಾಗ ಹರಿಯುತ್ತವೆ. ದೊಡ್ಡಾಯಿ ಪ್ರತಿ ವರ್ಷ ಆರ್ದ್ರಾ ಮಳೆಗೆ ಮೊದಲು ಸ್ಪೂಲುಗಳ ತಗಡಿನ ಡಬ್ಬಿಯನ್ನು ಅಡುಗೆಮನೆಯ ಪಕ್ಕದ ಬೆಚ್ಚಗಿನ ಅಟ್ಟಕ್ಕೆ ಏರಿಸಿ, ದೀಪಾವಳಿ ಕಳೆದ ಮೇಲೆ ಇಳಿಸುತ್ತಿದ್ದರು. ಹೀಗೆ ನಲವತ್ತಕ್ಕೂ ಹೆಚ್ಚು ಮಳೆಗಾಲ. ಹನ್ನೊಂದರಲ್ಲಿ ಹತ್ತು ಸ್ಪೂಲು ಚೊಕ್ಕಟವಾಗಿವೆ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಮೂರು ಶನಿವಾರ ಅಲೆದೆ. ಕೆಪಾಸಿಟರ್ ಸಿಕ್ಕಿದವು, ಸ್ವಿಚ್ ಸಿಕ್ಕಿತು. ಬೆಲ್ಟ್ ಕೇಳಿದರೆ ಹುಡುಗರು ಮುಖ ನೋಡುತ್ತಿದ್ದರು. ಒಳಗಿನ ಒಂದು ಸಣ್ಣ ಅಂಗಡಿಯ ಯಜಮಾನರು ಮಾತ್ರ ನನ್ನನ್ನು ಕೂರಿಸಿ ಪಾಠ ಮಾಡಿದರು. ಹಳೆಯ ಬೆಲ್ಟ್ ಕರಗಿ ಡಾಂಬರಿನ ಹಾಗೆ ಪುಲ್ಲಿಗೆ ಮೆತ್ತಿಕೊಂಡಿತ್ತು. ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಪೂರ್ತಿ ತೆಗೆಯಬೇಕು. ಆಮೇಲೆ ಪುಲ್ಲಿಗಳ ಸುತ್ತ ದಾರ ಹಾಯಿಸಿ ಅಳೆಯಬೇಕು, ಅದಕ್ಕಿಂತ ನೂರಕ್ಕೆ ಐದರಷ್ಟು ಗಿಡ್ಡ ಬೆಲ್ಟ್ ಹಾಕಬೇಕು ಅಂದರು. ಹಾಗೇ ಮಾಡಿದೆ. ಇವತ್ತಿಗೂ ಬೆಲ್ಟ್ ಜಾರಿಲ್ಲ. ಯಜಮಾನರೇ, ನೀವು ಕುಡಿಸಿದ ಟೀಗೂ ದುಡ್ಡು ತಗೊಳ್ಳಲಿಲ್ಲ.

ಟೇಪನ್ನು ಕ್ಯಾಪ್‌ಸ್ಟನ್ನಿಗೆ ಒತ್ತುವ ಪಿಂಚ್ ರೋಲರಿನ ರಬ್ಬರು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಪ್ರಿಂಟಿಂಗ್ ಪ್ರೆಸ್ಸಿನ ರೋಲರುಗಳಿಗೆ ರಬ್ಬರ್ ಕೂರಿಸುವವರೊಬ್ಬರು ಅದಕ್ಕೆ ಹೊಸ ರಬ್ಬರ್ ಹಾಕಿ, ತಿರುಗಿಸಿ ತೀಡಿ ಕೊಟ್ಟರು. ಅವರು ದಿನಾ ಮಾಡುವುದು ಆಳುದ್ದದ ರೋಲರು. ನನ್ನದು ಬೆರಳಲ್ಲಿ ಹಿಡಿಯುವಂಥದ್ದು. ಆದರೂ ಬೇಡ ಅನ್ನಲಿಲ್ಲ.

ಇನ್ನು ಆ ಕೊಳವೆ. ಅಕಾಯ್ ಎಲೆಕ್ಟ್ರಿಕ್ ಕಂಪನಿ 2000ದಲ್ಲೇ ದಿವಾಳಿಯಾಯಿತು. ಈಗ ಆ ಹೆಸರಿನಲ್ಲಿ ಟಿವಿ ಬರುತ್ತದೆ, ಬಿಡಿಭಾಗ ಬರುವುದಿಲ್ಲ. ಹೊರದೇಶದಿಂದ ಒಂದು ತರಿಸಿದೆ. ಕಸ್ಟಮ್ಸ್ ಸೇರಿ ಕೈ ಸುಟ್ಟಿತು. ಬಂದದ್ದು ಬೇರೆ ಮಾಡೆಲಿನದು, ಶಾಫ್ಟಿಗೆ ಕೂರಲೇ ಇಲ್ಲ. ಮಾಡಿಸುವುದೊಂದೇ ದಾರಿ ಅಂತಾಯಿತು. ಆದರೆ ಅಳತೆ ಎಲ್ಲಿಂದ ತರುವುದು? ಲೆಕ್ಕ ಹಾಕಿದರೆ ಹತ್ತಿರಹತ್ತಿರ ಬರುತ್ತದೆ, ಹತ್ತಿರ ಬಂದರೆ ಇಲ್ಲಿ ಸಾಲದು.

ಆಗ ಪುಣೆಯ ಒಬ್ಬ ಹಿರಿಯರು ತಮ್ಮ ಮಷಿನಿನ ಅಸಲಿ ಕೊಳವೆಯನ್ನೇ ಬಿಚ್ಚಿ ಕಳಿಸಿದರು. ಕ್ಯಾಮೆರಾ ರೀಲಿನ ಹಳೆಯ ಡಬ್ಬಿಯಲ್ಲಿ ಹತ್ತಿ ಸುತ್ತಿ, ರಿಜಿಸ್ಟರ್ ಪೋಸ್ಟಿನಲ್ಲಿ. ನನ್ನ ಮುಖ ನೋಡಿದವರಲ್ಲ. ಅದು ದಾರಿಯಲ್ಲಿ ಕಳೆದಿದ್ದರೆ ಅವರ ಮಷಿನೂ ನನ್ನದರ ಹಾಗೇ ಆಗುತ್ತಿತ್ತು. ಡಬ್ಬಿಯೊಳಗೆ ಚೀಟಿ ಇತ್ತು: "ಅವಸರ ಇಲ್ಲ, ಸರಿಯಾಗಿ ಮಾಡಿಸಿಕೊಳ್ಳಿ." ಆರು ತಿಂಗಳು ಅವರು ತಮ್ಮ ಟೇಪು ಕೇಳದೆ ಕೂತರು. ಸರ್, ಈ ಋಣ ಹೇಗೆ ತೀರಿಸಲಿ, ಹೇಳಿ.

ಪೀಣ್ಯದ ಲೇತ್ ಶಾಪಿನ ಅಣ್ಣನಿಗೆ ಇಡೀ ಒಂದು ಬರಹ ಬೇಕು. ಶಿಫ್ಟ್ ಮುಗಿದ ಮೇಲೆ, ರಾತ್ರಿ ಎಂಟರ ನಂತರ ನನ್ನ ಕೆಲಸ ಹಿಡಿಯುತ್ತಿದ್ದರು. ಮೊದಲು ಅಲ್ಯುಮಿನಿಯಮ್ಮಿನಲ್ಲಿ ಮಾಡಿದರು. ಸ್ಪೀಡ್ ಸರಿ ಬಂತು, ಆದರೆ ಶ್ರುತಿ ಪೆಟ್ಟಿಗೆಯ ದನಿ ಜೋಲಿ ಹೊಡೆಯುತ್ತಿತ್ತು. ಮಾತಿನಲ್ಲಿ ಆ ಅಲುಗಾಟ ಗೊತ್ತಾಗದು, ಒಂದೇ ಸಮ ನಿಲ್ಲುವ ಶ್ರುತಿಯಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದೆ. ಅವರು ಕಣ್ಣುಮುಚ್ಚಿ ಕೇಳಿ, "ಸೆಂಟರ್ ಔಟ್ ಇದೆ ಸಾರ್" ಅಂದರು. ಡಯಲ್ ಗೇಜ್ ಇಟ್ಟು ನೋಡಿದರೆ 0.04 ಮಿಲಿಮೀಟರ್ ಔಟ್. ಕೂದಲಿನ ದಪ್ಪದಷ್ಟೂ ಇಲ್ಲ. ಎರಡನೆಯದನ್ನು ಅವರೇ ಪಕ್ಕಕ್ಕೆ ಎಸೆದರು. ಮೂರನೆಯದು ಸ್ಟೇನ್‌ಲೆಸ್ ಸ್ಟೀಲ್. ಮಾಮೂಲಿ ಕಬ್ಬಿಣ ಬೇಡ ಅಂದಿದ್ದೆ, ಅದಕ್ಕೆ ಅಯಸ್ಕಾಂತ ಹತ್ತಿದರೆ ಟೇಪು ಹಾಳು. ಕೊನೆಗೆ ಗ್ರೈಂಡಿಂಗ್ ಮಾಡಿ ಗೇಜ್ ಇಟ್ಟಾಗ ಮುಳ್ಳು ಕದಲಿತೋ ಇಲ್ಲವೋ ಅನ್ನುವಷ್ಟು. ಇಬ್ಬರೂ ಆ ಮುಳ್ಳನ್ನೇ ನೋಡುತ್ತಾ ನಿಂತಿದ್ದೆವು. ದುಡ್ಡು ತಗೊಂಡದ್ದು ಮೂರನೆಯ ತುಂಡಿಗೆ ಮಾತ್ರ.

ಸ್ಪೀಡ್ ನೋಡುವುದಕ್ಕೆ ಮನೆಯ ಟೆರೇಸಿನಲ್ಲಿ ಖಾಲಿ ಟೇಪು ಹಾಸಿ 11 ಮೀಟರ್ 43 ಸೆಂಟಿಮೀಟರಿಗೆ ಗುರುತು ಹಾಕಿದೆವು. ಸೆಕೆಂಡಿಗೆ 7.5 ಇಂಚಿನಂತೆ ಅಷ್ಟು ಟೇಪು ಸರಿಯಾಗಿ ಒಂದು ನಿಮಿಷ ಓಡಬೇಕು. ಗಾಳಿಗೆ ಹಾರದಂತೆ ಹೆಂಡತಿ ಒಂದು ತುದಿ, ಮಗಳು ನಡುವೆ. ಕೆಳಗೆ ಬಂದು ಓಡಿಸಿದೆವು. ಸ್ಟಾಪ್‌ವಾಚಿನಲ್ಲಿ 60.2 ಸೆಕೆಂಡ್. ಮಗಳು ಕುಣಿದಾಡಿದಳು. ಇಷ್ಟು ದಿನ ಊಟದ ಮೇಜನ್ನು ಬಿಟ್ಟುಕೊಟ್ಟ ಇಬ್ಬರಿಗೂ ನನ್ನ ಪ್ರೀತಿ.

ಭಾನುವಾರ ಊರಿಗೆ ಮಷಿನು ಒಯ್ದೆ. ಅಜ್ಜನ ತಿಥಿ ಹಿಂದಿನ ದಿನವಾಗಿತ್ತು, ಎಲ್ಲರೂ ಇದ್ದರು. ದೊಡ್ಡಾಯಿಯನ್ನು ಎದುರಿಗೇ ಕೂರಿಸಿ ಮೊದಲ ಸ್ಪೂಲು ಹಾಕಿದೆ. ಮೊದಲು ಕೇಳಿಸಿದ್ದು ಹೆಂಚಿನ ಮೇಲೆ ಬೀಳುವ ಮಳೆ. ಆಮೇಲೆ ಶ್ರುತಿ, ಚೂರೂ ಅಲುಗದೆ. ಭಾಗವತರ ಪದ ಮುಗಿದು ಅಜ್ಜ ವಾಲಿಯಾಗಿ ಮಾತು ಶುರು ಮಾಡಿದರು. ಅಪ್ಪ ಕಂಬಕ್ಕೆ ಒರಗಿ ಕೂತವರು ನೆಟ್ಟಗಾದರು. ದೊಡ್ಡಾಯಿ ಸೆರಗು ಸರಿಮಾಡಿಕೊಂಡರು, ಮಾವ ಎದುರಿಗೆ ಬಂದರೆ ಮಾಡುತ್ತಿದ್ದ ಹಾಗೆ.

ಸ್ಪೂಲಿನ ಒಂದು ಬದಿ ಸುಮಾರು 32 ನಿಮಿಷ. ವಾಲಿ ರಾಮನನ್ನು ಕೇಳುತ್ತಿದ್ದಾನೆ, ಮಾತು ಏರಿದೆ, ಟೇಪು ಮುಗಿಯುತ್ತಾ ಬಂತು. ಆಗ ಮೈಕಿನ ಹತ್ತಿರವೇ, ಪಿಸುದನಿಯಲ್ಲಿ, "ತಡಿ, ರೀಲು ತಿರುಗ್ಸ್ತಿ."

ದೊಡ್ಡಪ್ಪ. ಈ ಸ್ಪೂಲುಗಳಲ್ಲಿ ಅವರ ದನಿ ಇರಬಹುದು ಅಂತ ನಮ್ಮಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ. ರೆಕಾರ್ಡ್ ಮಾಡಿದವರು ಅವರು, ಮಾತಾಡಿದವರು ಬೇರೆಯವರು ಅಂದುಕೊಂಡಿದ್ದೆವು.

ನಾನು ಸ್ಪೂಲು ತಿರುಗಿಸಲು ಕೈ ಹಾಕಿದೆ. ದೊಡ್ಡಾಯಿ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಅದ್ನ ಇನ್ನೊಂದ್ಸಲ ಹಾಕು ತಮಾ."

ನಾಲ್ಕು ಸಲ ಹಾಕಿದೆ.